ಆಗಸ್ಟ್ 5ರ ಬಸ್ ಮುಷ್ಕರ: ಚಪ್ಪಾಳೆ ತಟ್ಟಿದರೆ ಮತ ಹಾಕಿದ ಹಾಗಾ?

2025ರ ಆಗಸ್ಟ್ 5, ಮಂಗಳವಾರ. ಬೆಳಿಗ್ಗೆ 6 ಗಂಟೆಯಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ಅನಿರ್ದಿಷ್ಟಾವಧಿ ಮುಷ್ಕರ ಅಂತ ಘೋಷಣೆಯಾಗಿತ್ತು. ಸಂಜೆ ಹೊತ್ತಿಗೆ ಮುಗಿದೇ ಹೋಯಿತು. ಹೈಕೋರ್ಟ್ ಗದರಿತು, ಮುಖಂಡರು ನಿಲ್ಲಿಸಿದರು, ಬಸ್ಸುಗಳು ಹೊರಟವು. ಬೇಡಿಕೆ ಮಾತ್ರ ಇದ್ದಲ್ಲೇ ಇತ್ತು.

ಆ ಒಂದು ದಿನವನ್ನೇ ಹಿಡಿದುಕೊಂಡು ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ ಅಂತ ಕೂತಿದ್ದೇನೆ. ಮುಷ್ಕರ ಮಾಡಬೇಕೋ ಬೇಡವೋ, ಮಾಡಿದರೆ ಯಾವಾಗ ನಿಲ್ಲಿಸಬೇಕು, ಸರ್ಕಾರ ಕೊಟ್ಟಷ್ಟಕ್ಕೆ ಒಪ್ಪಬೇಕೋ ಇಲ್ಲವೋ, ಇದನ್ನೆಲ್ಲ ಸಂಘದ ಮುಖಂಡರು ತೀರ್ಮಾನಿಸಬೇಕಾ, ಇಲ್ಲಾ ಸ್ಟೀರಿಂಗ್ ಹಿಡಿಯುವವರು, ಟಿಕೆಟ್ ಕೊಡುವವರು, ಡಿಪೋದಲ್ಲಿ ಕೈಗೆಲ್ಲ ಗ್ರೀಸ್ ಮಾಡಿಕೊಳ್ಳುವವರು ತೀರ್ಮಾನಿಸಬೇಕಾ? ನಾನು ಹಾಸನದವನು. ನಮ್ಮ ಕಡೆ ಹಳ್ಳಿಗೆ ಹೋಗುವುದು ಬಹುಪಾಲು ಕೆಂಪು ಬಸ್ಸೇ. ಪಕ್ಕದ ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿ ಕಡೆಯಾದರೆ ಖಾಸಗಿ ಬಸ್ಸಾದರೂ ಇವೆ. ಇಲ್ಲಿ ಡಿಪೋ ಗೇಟು ಮುಚ್ಚಿದರೆ ಆಟೋ, ಇಲ್ಲದಿದ್ದರೆ ಕಾಲು. ಹಾಗಾಗಿ ಈ ಪ್ರಶ್ನೆ ನಮಗೆ ಬೆಂಗಳೂರಿನವರಿಗಿಂತ ಸ್ವಲ್ಪ ಹತ್ತಿರದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೌಕರರ ಬೇಡಿಕೆ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಅದನ್ನು ಒಪ್ಪದವರು ಕೂಡ ಮುಂದೆ ಓದಬಹುದು, ಯಾಕೆಂದರೆ ಯಾರು ತೀರ್ಮಾನಿಸಬೇಕು ಅನ್ನುವ ವಿಷಯಕ್ಕೂ ಬೇಡಿಕೆ ಸರಿಯಾ ಅನ್ನುವುದಕ್ಕೂ ಸಂಬಂಧವಿಲ್ಲ.

ಗಲಾಟೆ ಯಾವುದಕ್ಕೆ

ಸಾರಿಗೆ ನೌಕರರ ಸಂಬಳ 4 ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು. 2016ರಲ್ಲಿ ಆಯಿತು, ಅದೂ ಜುಲೈ ಕೊನೆಯಲ್ಲಿ ಮೂರು ದಿನ ಬಸ್ ನಿಂತ ಮೇಲೆ ಶೇ 12.5 ಸಿಕ್ಕಿತು. ಮುಂದಿನದು 2020ರ ಜನವರಿ 1ಕ್ಕೆ ಬರಬೇಕಿತ್ತು. ಕೋವಿಡ್ ಬಂತು, ಬಸ್ಸೂ ನಿಂತವು, ಪರಿಷ್ಕರಣೆಯೂ ನಿಂತಿತು. ಕೊನೆಗೆ 2023ರಲ್ಲಿ, ವಿಧಾನಸಭೆ ಚುನಾವಣೆ ಎದುರಿಗಿದ್ದಾಗ, ಮಾರ್ಚ್ 21ರಿಂದ ಮುಷ್ಕರ ಅಂತ ಸಂಘಟನೆಗಳ ಜಂಟಿ ಕ್ರಿಯಾ ಸಮಿತಿ ಹೇಳಿತು. ಸರ್ಕಾರ ಶೇ 15 ಹೆಚ್ಚಳದ ಆದೇಶ ಹೊರಡಿಸಿತು. ಮುಷ್ಕರ ಆಗಲಿಲ್ಲ. ಎಲ್ಲರಿಗೂ ಖುಷಿ.

ಆದರೆ ಆ ಆದೇಶ ಜಾರಿಯಾದದ್ದು 2023ರ ಮಾರ್ಚ್ 1ರಿಂದ. 2020ರ ಜನವರಿಯಿಂದ 2023ರ ಫೆಬ್ರವರಿವರೆಗಿನ 38 ತಿಂಗಳ ಕಥೆ ಏನು? ಅದನ್ನು ಒಬ್ಬ ಸದಸ್ಯರ ಸಮಿತಿ ನೋಡುತ್ತದೆ ಅಂತ ಬಿಟ್ಟರು. ಈ ಜಾಗವನ್ನು ನೆನಪಿಟ್ಟುಕೊಳ್ಳಿ, ಇಡೀ ಪ್ರಕರಣದ ಬೇರು ಇರುವುದು ಇಲ್ಲೇ.

ಮುಂದೆ 2024ರ ಜನವರಿ 1 ಬಂತು, ಇನ್ನೊಂದು ಪರಿಷ್ಕರಣೆಯ ದಿನ. ಅದೂ ಆಗಲಿಲ್ಲ. ಆ ವರ್ಷದ ಡಿಸೆಂಬರ್ 31ಕ್ಕೆ ಮುಷ್ಕರ ಅಂದರು, ಸಂಕ್ರಾಂತಿ ಕಳೆದ ಮೇಲೆ ಮಾತಾಡೋಣ ಅಂದ ಮೇಲೆ ಮುಂದಕ್ಕೆ ಹಾಕಿದರು. ಹೀಗೆ ಎಳೆದೂ ಎಳೆದೂ 2025ರ ಆಗಸ್ಟ್ ಬಂತು. 38 ತಿಂಗಳ ಹಿಂಬಾಕಿ ಸುಮಾರು 1,800 ಕೋಟಿ ರೂಪಾಯಿ, ಜೊತೆಗೆ 2024ರ ಪರಿಷ್ಕರಣೆ. ಇದು ಬೇಡಿಕೆ. ಆ ಒಬ್ಬ ಸದಸ್ಯರ ಸಮಿತಿ ಹೇಳಿದ್ದು 14 ತಿಂಗಳು, ಹಾಗಾಗಿ 718 ಕೋಟಿ ಕೊಡುತ್ತೇವೆ. ಇದು ಸರ್ಕಾರದ ಉತ್ತರ. ಆಗಸ್ಟ್ 4ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜೊತೆ ಮಾತುಕತೆ ಮುರಿದು ಬಿತ್ತು. ಅದೇ ದಿನ ಹೈಕೋರ್ಟ್ ಮುಷ್ಕರವನ್ನು ಒಂದು ದಿನ ಮುಂದೂಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಸರ್ಕಾರ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಇಟ್ಟುಕೊಂಡು ಕೂತಿತ್ತು. ಹೀಗಿದ್ದೂ ಬೆಳಿಗ್ಗೆ ಮುಷ್ಕರ ನಡೆಯಿತು.

ಕೇಳಿದ್ದು ಯಾರನ್ನು?

ನನ್ನ ದೊಡ್ಡಪ್ಪನ ಮಗ ಈ ಜಿಲ್ಲೆಯ ಒಂದು ಡಿಪೋದಲ್ಲಿ ಡ್ರೈವರ್ ಕಮ್ ಕಂಡಕ್ಟರ್. ಅವನ ಹೆಸರು, ಡಿಪೋ ಹೆಸರು ಇಲ್ಲಿ ಬೇಡ. ಆಮೇಲೊಂದು ದಿನ ಮನೆಗೆ ಬಂದಿದ್ದಾಗ ಕೇಳಿದೆ, "ಅಣ್ಣ, ಮುಷ್ಕರ ಮಾಡ್ಬೇಕಾ ಬೇಡ್ವಾ ಅಂತ ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಕೇಳೋದೆಲ್ಲಿ ಬಂತು ಕಣೋ? ಗೇಟ್ ಹತ್ರ ಮೀಟಿಂಗ್ ಮಾಡಿದ್ರು. ಭಾಷಣ ಆಯ್ತು. ಎಲ್ರೂ ಒಪ್ಪಿದ್ದೀರಲ್ವಾ ಅಂದ್ರು. ಚಪ್ಪಾಳೆ ಬಿತ್ತು."

"ನೀನೂ ತಟ್ದಾ?"

"ತಟ್ಟದೆ ಇರಕ್ಕಾಗುತ್ತಾ? ಪಕ್ಕದಲ್ಲಿ ನಿಂತೋರು ನೋಡ್ತಿರ್ತಾರೆ. ಆಚೆ ಕಡೆ ಆಫೀಸಿನ ಕಿಟಕಿಯಿಂದ್ಲೂ ಯಾರೋ ನೋಡ್ತಿರ್ತಾರೆ. ತಟ್ಟಿದ್ರೂ ಕಷ್ಟ, ತಟ್ಟದೆ ಇದ್ರೂ ಕಷ್ಟ."

ಅವನು ಆ ದಿನ ಡ್ಯೂಟಿಗೆ ಹೋಗಲಿಲ್ಲ. ಸಂಜೆ ಮುಷ್ಕರ ನಿಂತಿದ್ದು ಅವನಿಗೆ ಗೊತ್ತಾದದ್ದು ಟೀವಿಯಿಂದ. ಶುರು ಮಾಡುವಾಗ ಚಪ್ಪಾಳೆಯಾದರೂ ಇತ್ತು, ನಿಲ್ಲಿಸುವಾಗ ಅದೂ ಇಲ್ಲ. ಗುಟ್ಟಾಗಿ ಚೀಟಿ ಕೊಟ್ಟಿದ್ದರೆ ಏನಂತ ಹಾಕುತ್ತಿದ್ದೆ ಅಂತಲೂ ಕೇಳಿದೆ. ಸ್ವಲ್ಪ ಯೋಚನೆ ಮಾಡಿದ. "ಮುಷ್ಕರ ಬೇಕು ಅಂತಲೇ ಹಾಕ್ತಿದ್ದೆ. ಆದ್ರೆ ಕೋರ್ಟು ಬೇಡ ಅಂದ ಮೇಲೆ ಕೇಳಿದ್ರೆ, ಬೇಡ ಅಂತ ಹಾಕ್ತಿದ್ದೆ." ಎರಡು ಪ್ರಶ್ನೆ, ಎರಡು ಉತ್ತರ. ಚಪ್ಪಾಳೆಯಲ್ಲಿ ಇದನ್ನು ಹೇಳುವುದು ಹೇಗೆ?

ಆ ದಿನ ಇನ್ನೊಂದು ವಿಷಯವೂ ಬಯಲಾಯಿತು. ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸುಗಳು ಹೆಚ್ಚುಕಡಿಮೆ ಓಡಾಡಿದವು, ಪೆಟ್ಟು ಜಾಸ್ತಿ ಬಿದ್ದದ್ದು ಜಿಲ್ಲೆಗಳಿಗೆ. ನಾಲ್ಕು ನಿಗಮ ಸೇರಿ 1 ಲಕ್ಷಕ್ಕಿಂತ ಹೆಚ್ಚು ನೌಕರರು, ಅವರೆಲ್ಲರ ಹೆಸರಿನಲ್ಲಿ ಕೊಟ್ಟ ಕರೆ, ರಾಜಧಾನಿಯಲ್ಲೇ ನಿಲ್ಲಲಿಲ್ಲ. ಇದನ್ನು ತಿಳಿದುಕೊಳ್ಳಲು ಮುಷ್ಕರವನ್ನೇ ಮಾಡಿ ನೋಡಬೇಕಾಗಿತ್ತಾ? ವಾರದ ಮೊದಲು ಚೀಟಿ ಎಣಿಸಿದ್ದರೆ ಗೊತ್ತಾಗುತ್ತಿತ್ತು. ಗೊತ್ತಾಗಿದ್ದರೆ ಒಂದೋ ಬೆಂಗಳೂರಿನ ಡಿಪೋಗಳಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರು, ಇಲ್ಲವೇ ಕರೆಯನ್ನೇ ಬೇರೆ ಥರ ಕೊಡುತ್ತಿದ್ದರು.

ಸದಸ್ಯರೇ ಓಡಿಸಿದ ಮುಷ್ಕರ

ಹಾಗಾದರೆ ಎಲ್ಲವನ್ನೂ ಸದಸ್ಯರ ಕೈಗೆ ಕೊಟ್ಟುಬಿಡೋಣ ಅನ್ನಬೇಡಿ. ಅದೂ ಆಗಿದೆ, ಅದರ ಬಿಲ್ ಇನ್ನೂ ಕೆಲವರು ಕಟ್ಟುತ್ತಿದ್ದಾರೆ.

2020ರ ಡಿಸೆಂಬರ್. ಹಳೆಯ ಸಂಘಗಳನ್ನು ಬದಿಗೆ ಸರಿಸಿ ಸಾರಿಗೆ ನೌಕರರ ಕೂಟ ಎದ್ದಿತ್ತು, ಅದರ ಗೌರವಾಧ್ಯಕ್ಷರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ನಮ್ಮನ್ನು ಸರ್ಕಾರಿ ನೌಕರರು ಅಂತ ಪರಿಗಣಿಸಿ ಅನ್ನುವುದು ದೊಡ್ಡ ಬೇಡಿಕೆ. ಆಗಿನ ಸಾರಿಗೆ ಸಚಿವ ಲಕ್ಷ್ಮಣ ಸವದಿ ಜೊತೆ ಮಾತುಕತೆ ಆಗಿ, ಹೆಚ್ಚಿನವಕ್ಕೆ ಸರ್ಕಾರ ಒಪ್ಪಿದೆ, ಮುಷ್ಕರ ಮುಗಿಯಿತು ಅನ್ನುವ ಸುದ್ದಿ ಹೊರಬಿತ್ತು. ಮುಖಂಡರು ಫ್ರೀಡಂ ಪಾರ್ಕಿಗೆ ಬಂದರು. ಅಲ್ಲಿ ಕೂತಿದ್ದ ನೌಕರರು ಒಪ್ಪಲಿಲ್ಲ. ಕೆಲವೇ ಗಂಟೆಗಳಲ್ಲಿ ಮಾತು ಬದಲಾಯಿತು, ಮುಷ್ಕರ ಮುಂದುವರಿಯಿತು, ಮಾರನೇ ದಿನ ನಿಂತಿತು.

ಕೆಲವರು ಇದನ್ನು ಸದಸ್ಯರ ಪ್ರಜಾಪ್ರಭುತ್ವ ಅಂತ ಹೊಗಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಫ್ರೀಡಂ ಪಾರ್ಕಿನಲ್ಲಿ ಇದ್ದವರು ಅಲ್ಲಿಗೆ ಬರಲು ಆದವರು. ಅರಕಲಗೂಡಿನ ಕಂಡಕ್ಟರ್ ಅಲ್ಲಿರಲಿಲ್ಲ, ಸಕಲೇಶಪುರದ ಮೆಕಾನಿಕ್ ಅಲ್ಲಿರಲಿಲ್ಲ. ಜೋರಾಗಿ ಕೂಗಿದವರು ಗೆದ್ದರು, ಅಷ್ಟೇ. ನಮ್ಮ ಡಿಪೋ ಗೇಟಿನಲ್ಲಿ ಚಪ್ಪಾಳೆ, ಅಲ್ಲಿ ಕೂಗು. ಎರಡೂ ಒಂದೇ ಜಾತಿ.

2021ರ ಏಪ್ರಿಲ್ 7ರಿಂದ ಮತ್ತೆ ಮುಷ್ಕರ, ಈ ಸಲ ಆರನೇ ವೇತನ ಆಯೋಗದ ಸಂಬಳಕ್ಕಾಗಿ. ಸರ್ಕಾರ ಶೇ 8 ಮಧ್ಯಂತರ ಹೆಚ್ಚಳ ಅಂದಿತು, ಆಗಲ್ಲ ಅಂದರು. 15 ದಿನ ನಡೆಯಿತು. ನಿಲ್ದಾಣದ ಒಳಗೇ ಖಾಸಗಿ ಬಸ್ಸು ಬಿಟ್ಟರು. ಎರಡನೇ ಅಲೆ ಏರುತ್ತಿತ್ತು. ಕೊನೆಗೆ ಹೈಕೋರ್ಟ್ ಹೇಳಿದ ಮೇಲೆ ನಿಂತಿತು. ಆ ಹೊತ್ತಿಗೆ ವಜಾ, ಅಮಾನತು, ವರ್ಗಾವಣೆ, ಪೊಲೀಸ್ ಕೇಸು ಎಲ್ಲ ಆಗಿಹೋಗಿತ್ತು. ಟ್ರೈನಿಗಳಾಗಿ ಸೇರಿದ್ದ ಹುಡುಗರು ಮೊದಲು ಮನೆಗೆ ಹೋದರು. ಅವರನ್ನು ವಾಪಸ್ ತೆಗೆದುಕೊಳ್ಳಿ ಅನ್ನುವುದೇ ಆಮೇಲೆ ವರ್ಷಗಟ್ಟಲೆ ಬೇಡಿಕೆ ಪಟ್ಟಿಯಲ್ಲಿ ಸೇರಿಕೊಂಡಿತು. ಸಂಬಳಕ್ಕಾಗಿ ಶುರುವಾದದ್ದು ಕೆಲಸ ಉಳಿಸಿಕೊಳ್ಳುವ ಹೋರಾಟವಾಗಿ ಮುಗಿಯಿತು.

ಶೇ 8ಕ್ಕೆ ಒಪ್ಪೋಣವಾ ಅಂತ ಏಳನೇ ದಿನವೋ ಎಂಟನೇ ದಿನವೋ ಒಂದು ಗುಪ್ತ ಮತ ಆಗಿದ್ದರೆ? ನೌಕರರು ಬೇಡ ಅಂತಲೇ ಹೇಳಿರಬಹುದು. ಹೇಳಲಿ. ಆಗ ಅದು ಅವರ ತೀರ್ಮಾನ, ನಷ್ಟವೂ ಅರಿತೇ ಮಾಡಿಕೊಂಡದ್ದು.

ಹೊರಗಿನ ರಾಜ್ಯಗಳ ಎರಡು ಉದಾಹರಣೆ ಬೇಗ ಹೇಳಿ ಮುಗಿಸುತ್ತೇನೆ. ತೆಲಂಗಾಣದಲ್ಲಿ 2019ರ ಅಕ್ಟೋಬರ್ 5ಕ್ಕೆ ಶುರುವಾದ ಬಸ್ ಮುಷ್ಕರ 52 ದಿನ ನಡೆದು, ಮುಖಂಡರು ಯಾವ ಷರತ್ತೂ ಇಲ್ಲದೆ ವಾಪಸ್ ಪಡೆದರು. ಮಾರನೇ ದಿನ ಕೆಲಸಕ್ಕೆ ಹೋದವರನ್ನು ಗೇಟಿನಲ್ಲೇ ತಡೆದರು, ಆಮೇಲೆ ಸರ್ಕಾರ ಮನಸ್ಸು ಮಾಡಿ ಒಳಗೆ ಬಿಟ್ಟಿತು. ಮಹಾರಾಷ್ಟ್ರದಲ್ಲಿ ಉಲ್ಟಾ. 2021ರ ಅಕ್ಟೋಬರ್ ಕೊನೆಯಲ್ಲಿ ಶುರುವಾದ ಎಸ್‌ಟಿ (ಅಲ್ಲಿನ ರಾಜ್ಯ ಸಾರಿಗೆ ಬಸ್) ಮುಷ್ಕರವನ್ನು ಮಾನ್ಯತೆ ಪಡೆದ ಸಂಘ ನಿಲ್ಲಿಸಿದರೂ ನೌಕರರು ಕೇಳಲಿಲ್ಲ, 2022ರ ಏಪ್ರಿಲ್‌ವರೆಗೂ ಎಳೆಯಿತು. ಒಂದು ಕಡೆ ಸದಸ್ಯರನ್ನು ಕೇಳದ ಮುಖಂಡರು, ಇನ್ನೊಂದು ಕಡೆ ಮುಖಂಡರನ್ನು ನಂಬದ ಸದಸ್ಯರು.

ಮುಖಂಡರ ವಾದ

ಹಾಸನದಲ್ಲೇ ಇರುವ, ಈಗ ನಿವೃತ್ತರಾದ ಒಬ್ಬ ಹಳೇ ಸಂಘದವರ ಹತ್ತಿರ ಮಾತಾಡಿದೆ. ಅವರಿಗೆ ನನ್ನ ಮತ ಚೀಟಿ ಕಥೆ ಕೇಳಿ ನಗು ಬಂತು. "ಸ್ವಾಮಿ, ಒಬ್ಬೊಬ್ಬರನ್ನೂ ಕೇಳ್ತಾ ಕೂತ್ರೆ ಅದು ಮುಷ್ಕರ ಆಗಲ್ಲ, ಗ್ರಾಮಸಭೆ ಆಗುತ್ತೆ. ಸರ್ಕಾರದ ಮುಂದೆ ಕೂತಾಗ ಒಂದು ಗಳಿಗೆಯಲ್ಲಿ ಹೂಂ ಇಲ್ಲಾ ಉಹೂಂ ಅನ್ಬೇಕು. ಡಿಪೋಗೆ ಹೋಗಿ ಕೇಳ್ಕೊಂಡು ಬರ್ತೀನಿ ಇರಿ ಅನ್ನಕ್ಕಾಗುತ್ತಾ?"

ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. 2023ರ ಮಾರ್ಚ್‌ನಲ್ಲಿ ಒಂದು ದಿನದ ಸಂಬಳವೂ ಹೋಗದೆ ಶೇ 15 ಬಂತು, ಚುನಾವಣೆಯ ಹೊತ್ತು ನೋಡಿ ಪಟ್ಟು ಹಾಕುವುದು ಅನುಭವಸ್ಥರ ಕೆಲಸವೇ. ನಿಗಮದ ಲೆಕ್ಕಪತ್ರ ಓದುವುದು, ಸಚಿವರ ಮಾತಿನಲ್ಲಿ ಯಾವುದು ಗಟ್ಟಿ ಯಾವುದು ಜೊಳ್ಳು ಅಂತ ಹಿಡಿಯುವುದು, ಇದು ಎಂಟು ಗಂಟೆ ಡ್ಯೂಟಿ ಮಾಡಿ ಬಂದವನಿಗೆ ಆಗುವುದಿಲ್ಲ. ಮತದ ಫಲಿತಾಂಶ ಸೋಲಿನ ಹತ್ತಿರ ಬಂದರೆ ಸರ್ಕಾರಕ್ಕೆ ನಮ್ಮ ಬಲ ಎಷ್ಟು ಅಂತ ತೋರಿಸಿಕೊಟ್ಟ ಹಾಗೆ ಆಗುತ್ತದೆ ಅಂತಲೂ ಹೇಳಿದರು. ಅದೂ ನಿಜ. ಆದರೆ ಅರ್ಧಕ್ಕರ್ಧ ಜನ ಬೇಡ ಅನ್ನುವ ಮುಷ್ಕರವನ್ನು ಮಾಡದಿರುವುದೇ ಒಳ್ಳೆಯದಲ್ವಾ? ಆ ಬಲಹೀನತೆಯನ್ನು ಬೀದಿಯಲ್ಲಿ ತೋರಿಸುವುದಕ್ಕಿಂತ ಡಬ್ಬಿಯಲ್ಲಿ ತೋರಿಸುವುದು ಅಗ್ಗ.

ಅವರು ಉತ್ತರ ಕೊಡದೆ ತೇಲಿಸಿದ ಪ್ರಶ್ನೆ ಒಂದಿತ್ತು. ಆ 2023ರ ಶೇ 15ರಲ್ಲಿ 38 ತಿಂಗಳು ಬಿಟ್ಟುಹೋಗಿದೆ ಅನ್ನುವುದನ್ನು ನೌಕರರ ಮುಂದಿಟ್ಟು, ಇದಕ್ಕೆ ಒಪ್ಪಿಗೆಯಾ ಅಂತ ಕೇಳಿದ್ದರಾ? "ಆಗ ಎಲ್ರೂ ಸಿಹಿ ಹಂಚಿದ್ರು" ಅಂದರು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಆಗದೇ ಹೋದ ಅತಿ ಮುಖ್ಯವಾದ ಮತದಾನ ಆಗಸ್ಟ್ 5ರದ್ದಲ್ಲ, 2023ರ ಮಾರ್ಚ್‌ನದ್ದು. ಅವತ್ತು ಹಿಂಬಾಕಿಯನ್ನು ಸಮಿತಿಗೆ ಬಿಟ್ಟು ಮುಷ್ಕರ ಕೈಬಿಡೋಣ ಅಂತ ನೌಕರರೇ ಚೀಟಿ ಹಾಕಿ ಹೇಳಿದ್ದರೆ, ಸಮಿತಿ 14 ತಿಂಗಳು ಅಂದಾಗ ಸಿಟ್ಟು ಬಂದರೂ ಮೋಸ ಆಯಿತು ಅನ್ನುವ ಮಾತು ಹುಟ್ಟುತ್ತಿರಲಿಲ್ಲ. ಬೇಡ ಅಂದಿದ್ದರೆ, ಚುನಾವಣೆ ಎದುರಿಗಿದ್ದ ಆ ಹೊತ್ತಿನಲ್ಲೇ ಅದು ತೀರ್ಮಾನವಾಗುತ್ತಿತ್ತು. ಎರಡು ವರ್ಷ ಬಿಟ್ಟು, ಚುನಾವಣೆಯ ಬಿಸಿ ಆರಿದ ಮೇಲೆ, ಕೋರ್ಟಿನ ಆದೇಶದ ಎದುರು ಅದನ್ನು ಕೇಳುವ ಗತಿ ಬರುತ್ತಿರಲಿಲ್ಲ.

ಮುಷ್ಕರಕ್ಕೆ ಮತ ಬೇಕು ಅಂತ ಹೇಳುವವರು ಬಹಳ ಜನ. ಒಪ್ಪಂದಕ್ಕೂ ಮತ ಬೇಕು ಅನ್ನುವವರು ಕಡಿಮೆ. ನನಗೆ ಎರಡನೆಯದೇ ದೊಡ್ಡದು.

ಯಾರ ಮೈಮೇಲೆ ಬೀಳುತ್ತೆ

ಟ್ರೇಡ್ ಯೂನಿಯನ್ ಕಾನೂನಿಗೆ 2001ರಲ್ಲಿ ಆದ ತಿದ್ದುಪಡಿಯಿಂದ ಬಂದ ನಿಯಮದ ಪ್ರಕಾರ, ಸಂಘದ ಪದಾಧಿಕಾರಿಗಳಲ್ಲಿ ಹೊರಗಿನವರು ಮೂರನೇ ಒಂದು ಭಾಗ ಅಥವಾ 5 ಜನ, ಯಾವುದು ಕಡಿಮೆಯೋ ಅಷ್ಟು ಇರಬಹುದು. ನಿವೃತ್ತರು ಹೊರಗಿನವರ ಲೆಕ್ಕಕ್ಕೆ ಬರುವುದಿಲ್ಲ. ಇದು ಒಳ್ಳೆಯ ನಿಯಮವೇ. ಕೆಲಸದಲ್ಲಿರುವವನು ಗಟ್ಟಿ ಮಾತಾಡಿದರೆ ನಾಳೆ ವರ್ಗಾವಣೆ, ಹೊರಗಿನವನಿಗೆ ಆ ಹೆದರಿಕೆ ಇಲ್ಲ. ಆದರೆ ಅದೇ ಕಾರಣಕ್ಕೆ ಮುಷ್ಕರ ಸೋತರೆ ಹೊರಗಿನವನ ಸಂಬಳ ಕಟ್ ಆಗುವುದಿಲ್ಲ, ಅವನನ್ನು ಯಾರೂ ಬೇರೆ ಜಿಲ್ಲೆಯ ಡಿಪೋಗೆ ಹಾಕುವುದಿಲ್ಲ. ಪಟ್ಟು ಹಾಕುವ ಕೆಲಸಕ್ಕೆ ಅವನೇ ಸರಿ, ಹೂಂ ಅನ್ನುವ ಕೆಲಸ ಪೆಟ್ಟು ತಿನ್ನುವವನದು.

ಪ್ರಯಾಣಿಕರ ಮಾತೂ ಬರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ಹಾಸನಕ್ಕೆ ಕೆಲಸಕ್ಕೆ ಬರುವ ಹೆಂಗಸರು ಜಾಸ್ತಿಯಾಗಿದ್ದಾರೆ, ಆಸ್ಪತ್ರೆಗೆ ಬರುವವರು, ಕಾಲೇಜಿನ ಮಕ್ಕಳು ಇದ್ದೇ ಇದ್ದಾರೆ. ಅವರಿಗೆ ಮುಷ್ಕರದಲ್ಲಿ ಮತ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಮತದಾನ ನಡೆದು ಫಲಿತಾಂಶ ಬಂದಿದ್ದರೆ, ನಾಳೆ ಬಸ್ ಇರುತ್ತಾ ಇಲ್ವಾ ಅಂತ ರಾತ್ರಿ 11 ಗಂಟೆಗೆ ಟೀವಿ ಮುಂದೆ ಕೂರುವುದಾದರೂ ತಪ್ಪುತ್ತದೆ.

ಚೀಟಿ ಹಾಕುವುದು ಆಗುವ ಕೆಲಸವಾ?

ನಮ್ಮ ಕಾನೂನು ಮುಷ್ಕರಕ್ಕೆ ನೋಟಿಸ್ ಕೇಳುತ್ತದೆ, ಸದಸ್ಯರ ಮತ ಕೇಳುವುದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಾರ್ವಜನಿಕ ಸೇವೆಗಳಿಗೆ 14 ದಿನದ ನೋಟಿಸ್ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಎಲ್ಲಾ ಉದ್ಯಮಗಳಿಗೂ 14 ದಿನ. ಅಂದರೆ ಗ್ರಾಮಸಭೆ ಅಂತ ನಕ್ಕವರಿಗೆ ಉತ್ತರ ಅಲ್ಲೇ ಇದೆ. ಹೇಗೂ ಎರಡು ವಾರ ಕಾಯಲೇಬೇಕು, ಆ ಎರಡು ವಾರದಲ್ಲಿ ಮತ ಹಾಕಿಸಿ.

ಬ್ರಿಟನ್ನಿನಲ್ಲಿ 1984ರಿಂದಲೇ ಮುಷ್ಕರಕ್ಕೆ ಗುಪ್ತ ಮತದಾನ ಬೇಕು. 2016ರ ಕಾನೂನು ಇನ್ನೂ ಬಿಗಿ ಮಾಡಿತು. ಅರ್ಧದಷ್ಟು ಜನ ಮತ ಹಾಕಿರಬೇಕು, ಸಾರಿಗೆಯಂಥ ಮುಖ್ಯ ಸೇವೆಗಳಲ್ಲಿ ಒಟ್ಟು ಮತದಾರರಲ್ಲಿ ಶೇ 40 ಮಂದಿ ಬೇಕು ಅನ್ನಬೇಕು ಅಂತ ಅದರಲ್ಲಿತ್ತು. ಇದನ್ನು ಇಲ್ಲಿ ತರಬೇಕು ಅಂತ ನಾನು ಹೇಳುವುದಿಲ್ಲ. ಸರ್ಕಾರ ಇಟ್ಟ ಮತದಾನ ಮುಷ್ಕರವನ್ನು ತಡೆಯುವ ಬೇಲಿಯಾಗುತ್ತದೆ. ಸಂಘ ತಾನಾಗಿಯೇ ಇಟ್ಟರೆ ಮಾತ್ರ ಅದು ಬಲ.

ಅಷ್ಟು ದೂರ ಹೋಗುವುದೂ ಬೇಡ. 2023ರ ನವೆಂಬರ್ 21 ಮತ್ತು 22ರಂದು ಹಳೇ ಪಿಂಚಣಿಗಾಗಿ ಮುಷ್ಕರ ಮಾಡಬೇಕಾ ಅಂತ ದೇಶದ ರೈಲ್ವೆ ನೌಕರರ ಸಂಘ ಗುಪ್ತ ಮತದಾನ ಮಾಡಿಸಿತ್ತು. ಬೇಕು ಅಂದವರೇ ಬಹಳ. ಮುಷ್ಕರ ನಡೆಯಲಿಲ್ಲ, ಮಾರನೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಏಕೀಕೃತ ಪಿಂಚಣಿ ಯೋಜನೆ ಪ್ರಕಟಿಸಿತು. ಮತದಿಂದಲೇ ಅದು ಬಂತು ಅಂತ ನಾನು ಹೇಳುವುದಿಲ್ಲ, ಆದರೆ ಮತ ಹಾಕಿಸಿದ್ದರಿಂದ ಆಕಾಶವೇನೂ ಬೀಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಯಾವ ಸಂಘಕ್ಕೆ ಮಾನ್ಯತೆ ಅಂತಲೂ ರೈಲ್ವೆಯಲ್ಲಿ ಗುಪ್ತ ಮತದಾನ ಆಯಿತು. ಅರಸೀಕೆರೆ ಜಂಕ್ಷನ್‌ನ ಗ್ಯಾಂಗ್‌ಮನ್‌ಗೆ ಆಗುವುದು ಪಕ್ಕದ ಬಸ್ ಡಿಪೋದವನಿಗೆ ಯಾಕೆ ಆಗಬಾರದು?

ನಮ್ಮ ಜಾಗದಲ್ಲೇ ಇನ್ನೊಂದು ಉದಾಹರಣೆ ಇದೆ. ಕೊಪ್ಪದ ಸಹಕಾರ ಸಾರಿಗೆ. ಖಾಸಗಿ ಕಂಪನಿ ಜೊತೆ ಜಗಳವಾದ ಮೇಲೆ 1991ರಲ್ಲಿ ಕಾರ್ಮಿಕರೇ ಬಸ್ಸುಗಳನ್ನು ವಹಿಸಿಕೊಂಡು ಸಹಕಾರ ಸಂಘ ಕಟ್ಟಿದರು, ಮಲೆನಾಡಿನ ತುಂಬ ಓಡಿಸಿದರು. 2020ರ ಫೆಬ್ರವರಿಯಲ್ಲಿ ನಷ್ಟದಲ್ಲಿ ನಿಂತುಹೋಯಿತು, ನನಗೆ ಈಗಲೂ ಬೇಜಾರಿದೆ. ಡ್ರೈವರ್ ಕಂಡಕ್ಟರುಗಳಿಗೆ ಲೆಕ್ಕ ತಿಳಿಯುವುದಿಲ್ಲ, ತೀರ್ಮಾನ ಮಾಡಲು ಬರುವುದಿಲ್ಲ ಅನ್ನುವವರು ಆ ಮೂರು ದಶಕವನ್ನು ಒಂದು ಸಲ ನೋಡಬೇಕು.

ಹಾಗಾಗಿ ನನ್ನ ತೀರ್ಪು ಹೀಗೆ. ಶುರು ಮಾಡಬೇಕಾ ಅನ್ನುವುದು ಸದಸ್ಯರದು, ಗುಪ್ತ ಚೀಟಿಯಲ್ಲಿ, ಡಿಪೋ ಡಿಪೋದಲ್ಲಿ. ಮಾತುಕತೆ ಮುಖಂಡರದು, ಅಲ್ಲಿ ಅವರ ಕೈ ಕಟ್ಟಬಾರದು. ಬಂದ ಒಪ್ಪಂದ ಮತ್ತೆ ಸದಸ್ಯರ ಮುಂದೆ, ಬಿಟ್ಟುಹೋದದ್ದು ಏನು ಅಂತ ಕನ್ನಡದಲ್ಲಿ ಬಿಡಿಸಿ ಬರೆದು. ಕೋರ್ಟ್ ಆದೇಶ ಬಂದರೆ ಅವತ್ತೇ ನಿಲ್ಲಿಸುವ ಅಧಿಕಾರ ಮುಖಂಡರಿಗೆ ಇರಲಿ, ಸಂಜೆಯೊಳಗೆ 1 ಲಕ್ಷ ಜನರ ಮತ ಎಣಿಸಲು ಯಾರಿಗೂ ಆಗುವುದಿಲ್ಲ. ಆದರೆ ವಾರದೊಳಗೆ ಡಿಪೋಗಳಿಗೆ ಬಂದು ಮುಂದೇನು ಅಂತ ಕೇಳಬೇಕು. ಆಗಸ್ಟ್ 5ರಂದು ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದೇಶ ಇದ್ದೂ ಬೆಳಿಗ್ಗೆ ಶುರು ಮಾಡಿದ್ದು ತಪ್ಪು, ಆ ತಪ್ಪನ್ನು ಯಾರೂ ಚೀಟಿ ಹಾಕಿ ಒಪ್ಪಿರಲಿಲ್ಲ.

ದೊಡ್ಡ ತೊಡಕು ಒಂದಿದೆ, ಡಬ್ಬಿ ಇಡುವವರು ಯಾರು? ಒಂದು ಕಡೆ ಜಂಟಿ ಕ್ರಿಯಾ ಸಮಿತಿ, ಇನ್ನೊಂದು ಕಡೆ ಸರ್ಕಾರಿ ನೌಕರರಿಗೆ ಸಮಾನ ವೇತನ ಕೇಳುವ ಬಣ. ಒಬ್ಬರು ಎಣಿಸಿದರೆ ಇನ್ನೊಬ್ಬರು ನಂಬುವುದಿಲ್ಲ. ಹೊಸ ಸಂಹಿತೆ ಇಲ್ಲಿ ಒಂದು ದಾರಿ ತೆರೆದಿದೆ. ಶೇ 51 ನೌಕರರ ಬೆಂಬಲ ಇರುವ ಸಂಘವೇ ಮಾತುಕತೆಯ ಸಂಘ, ಅಷ್ಟು ಯಾರಿಗೂ ಇಲ್ಲದಿದ್ದರೆ ಕನಿಷ್ಠ ಶೇ 20 ಇರುವವರೆಲ್ಲ ಸೇರಿ ಒಂದು ಮಂಡಳಿ. ಅಂದರೆ ಯಾರ ಹಿಂದೆ ಎಷ್ಟು ಜನ ಅಂತ ಲೆಕ್ಕ ಮಾಡಲೇಬೇಕು. ಹೇಗೂ ಅದಕ್ಕೊಂದು ಮತಪಟ್ಟಿ ಮಾಡುತ್ತಾರಲ್ಲ, ಅದೇ ಪಟ್ಟಿಯನ್ನು ಮುಷ್ಕರಕ್ಕೂ ಒಪ್ಪಂದಕ್ಕೂ ಬಳಸಲಿ. ಪತ್ತಿನ ಸಹಕಾರ ಸಂಘದ ಚುನಾವಣೆಗೆ ಇದೇ ನೌಕರರು ಸಾಲಿನಲ್ಲಿ ನಿಂತು ಮತ ಹಾಕುತ್ತಾರೆ, ಏಜೆಂಟರು ಕೂರುತ್ತಾರೆ, ಎಣಿಕೆ ಆಗುತ್ತದೆ. ಒಂದೇ ಎಚ್ಚರ ಬೇಕು. ರಾತ್ರಿ ಹಳ್ಳಿಯಲ್ಲಿ ಹಾಲ್ಟ್ ಮಾಡುವ ಬಸ್ಸಿನವರು, ದೂರದ ರೂಟಿಗೆ ಹೋದವರು ಎರಡು ಮೂರು ದಿನ ಡಿಪೋ ಕಡೆ ಸರಿಯಾಗಿ ಬರುವುದೇ ಇಲ್ಲ, ಹಾಗಾಗಿ ಡಬ್ಬಿ ಕನಿಷ್ಠ ಮೂರು ದಿನ ಇರಬೇಕು, ಅದೂ ಮ್ಯಾನೇಜರ್ ಆಫೀಸಿನ ಕಿಟಕಿಗೆ ಕಾಣದ ಜಾಗದಲ್ಲಿ.